ಹಣ್ಣಿನ ಸಲಾಡ್: ‘ರುಚಿಗೆ ತಕ್ಕಷ್ಟು’ ಎಂದರೆ ಎಷ್ಟು?

ಸಂಪಾದಕರಿಗೆ,

ಮಾನ್ಯರೇ,

ಬಿಸಿಲು ಏರುತ್ತಿದ್ದಂತೆ ಪತ್ರಿಕೆಗಳ ಅಡುಗೆ ಅಂಕಣಗಳಲ್ಲಿ ಹಣ್ಣಿನ ಸಲಾಡ್ ಕಾಣಿಸಿಕೊಳ್ಳುತ್ತದೆ. ತಲೆಬರಹದಲ್ಲಿ ‘ಹಗುರ’, ‘ಆರೋಗ್ಯಕರ’ ಎಂದಿರುತ್ತದೆ. ಕೆಳಗೆ ಓದಿದರೆ ಅರ್ಧ ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಒಂದು ಕಪ್ ಕ್ರೀಮ್, ‘ರುಚಿಗೆ ತಕ್ಕಷ್ಟು’ ಸಕ್ಕರೆ, ‘ಬೇಕಾದಷ್ಟು’ ಗೋಡಂಬಿ. ಜೊತೆಗೆ ಕಿವಿ, ಬ್ಲೂಬೆರಿ, ಅವಕಾಡೊ. ಕುಷ್ಟಗಿ ಕಡೆಯ ದಾಳಿಂಬೆ, ಕೊಪ್ಪಳದ ಕೇಸರ್ ಮಾವು, ಬಳ್ಳಾರಿ ಸೀಮೆಯ ಅಂಜೂರ, ಎಲ್ಲ ಸಂತೆಯಲ್ಲೂ ಸಿಗುವ ಪಪ್ಪಾಯಿ, ಪೇರಲ, ಬಾಳೆ ಕೈಗೆಟಕುವಷ್ಟು ಹತ್ತಿರ ಇರುವಾಗ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಯವರು ಬ್ಲೂಬೆರಿ ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಇದೇ ಹಣ್ಣು, ಮನೆಯ ಮೊಸರು, ನಮ್ಮ ಹೊಲದ ಶೇಂಗಾ ಇಟ್ಟುಕೊಂಡು ನಿಜಕ್ಕೂ ಹಗುರವಾದ ಸಲಾಡ್ ಮಾಡಬಹುದು. ಅದರ ಅಳತೆ, ಕೆಡುವ ಜಾಗಗಳು, ಕೆಡುವ ಕಾರಣ ಎಲ್ಲವನ್ನೂ ಇಲ್ಲಿ ಬರೆದಿದ್ದೇವೆ. ಅಂಕಣಕ್ಕೆ ಬರೆಯುವವರು ಇನ್ನು ಮುಂದೆ ಅಳತೆಯನ್ನು ಗ್ರಾಂನಲ್ಲಿ, ಎಷ್ಟು ಜನಕ್ಕೆ ಎಂಬುದರ ಸಮೇತ ಕೊಡಲಿ ಎಂಬುದು ನಮ್ಮ ಕೋರಿಕೆ.

ಮೊದಲು ಭಾರ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಮದುವೆ ಊಟದಲ್ಲಿ, ಐಸ್‌ಕ್ರೀಂ ಅಂಗಡಿಯಲ್ಲಿ ನಾವು ಫ್ರೂಟ್ ಸಲಾಡ್ ಎಂದು ತಿನ್ನುವುದು ಬಹುಪಾಲು ಕಸ್ಟರ್ಡ್. ನಾಲ್ಕು ಜನರಿಗೆ ಅರ್ಧ ಲೀಟರ್ ಗಟ್ಟಿ ಹಾಲು, 100 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿ (ಅಂದರೆ ಬಣ್ಣ, ವೆನಿಲಾ ವಾಸನೆ ಸೇರಿಸಿದ ಮೆಕ್ಕೆಜೋಳದ ಪಿಷ್ಟ), ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ. ಹಣ್ಣು ಸೇರಿ ಒಬ್ಬರ ಬಟ್ಟಲಿಗೆ 400 ಕ್ಯಾಲೊರಿ ದಾಟುತ್ತದೆ, ಮೇಲೊಂದು ಸ್ಕೂಪ್ ಐಸ್‌ಕ್ರೀಂ ಕೂತರೆ 500ರ ಮೇಲೆ. ಸಕ್ಕರೆಯೊಂದೇ ತಲೆಗೆ 25 ಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ದೊಡ್ಡವರಿಗೆ ಇಡೀ ದಿನಕ್ಕೆ ಅಷ್ಟರೊಳಗೆ ಇದ್ದರೆ ಒಳ್ಳೆಯದು. ಬೆಳಗಿನ ಚಹಾದ ಸಕ್ಕರೆಯೂ ಆ ಲೆಕ್ಕದಲ್ಲೇ ಬರುತ್ತದೆ. ಬೇಕರಿಯ ಕೆಂಪು ಚೆರ್ರಿ, ಟೂಟಿ ಫ್ರೂಟಿಯನ್ನು ಹಣ್ಣಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆ ಚೆರ್ರಿ ಹೆಚ್ಚಾಗಿ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕೊಟ್ಟ ಕವಳಿಕಾಯಿ, ಟೂಟಿ ಫ್ರೂಟಿ ಹಾಗೆಯೇ ಪಾಕ ಕುಡಿದ ಹಸಿ ಪಪ್ಪಾಯಿ.

ಇನ್ನು ಹೊಸ ಚಾಳಿಯ ಮೇಯನೇಸ್. ನೂರು ಗ್ರಾಂ ಮೇಯನೇಸ್‌ನಲ್ಲಿ 700ರ ಹತ್ತಿರ ಕ್ಯಾಲೊರಿ, ಬಹುತೇಕ ಎಲ್ಲವೂ ಎಣ್ಣೆಯದು. ನೂರು ಗ್ರಾಂ ಮೊಸರಿನಲ್ಲಿ 60. ಹಗುರ ಮಾಡುವ ಕೆಲಸ ಇಲ್ಲಿಂದಲೇ ಶುರುವಾಗಬೇಕು, ಹಣ್ಣು ಕಡಿಮೆ ಮಾಡುವುದರಿಂದ ಅಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆವು, ಹಾಗಾಗಿ ಹಗುರ ಎನ್ನುವವರೂ ಇದ್ದಾರೆ. ನೂರು ಗ್ರಾಂ ಸಕ್ಕರೆಗೆ 400 ಆದರೆ ಬೆಲ್ಲಕ್ಕೆ 380, ಜೇನಿಗೆ 300ರ ಆಸುಪಾಸು. ರುಚಿ ಬೇರೆ, ತೂಕದ ಲೆಕ್ಕ ಹೆಚ್ಚು ಕಡಿಮೆ ಒಂದೇ.

ನಾಲ್ಕು ಜನರ ಅಳತೆ ಹೀಗಿದೆ. ಹೆಚ್ಚಿದ ಪಪ್ಪಾಯಿ 200 ಗ್ರಾಂ, ಪೇರಲ 150 ಗ್ರಾಂ, ಬಿಡಿಸಿದ ದಾಳಿಂಬೆ 100 ಗ್ರಾಂ, ಏಲಕ್ಕಿ ಬಾಳೆ 100 ಗ್ರಾಂ (ಎರಡು ಹಣ್ಣು), ಮೋಸಂಬಿ ತೊಳೆ 50 ಗ್ರಾಂ. ಒಟ್ಟು 600 ಗ್ರಾಂ. ಸಿಪ್ಪೆ, ಬೀಜ, ತೊಟ್ಟು ಹೋಗುವುದರಿಂದ ಸಂತೆಯಿಂದ ಸುಮಾರು ಒಂದು ಕಿಲೊ ಹಣ್ಣು ತರಬೇಕು. ನೀರು ಬಸಿದ ಗಟ್ಟಿ ಮೊಸರು 200 ಗ್ರಾಂ. ಹುರಿದ ಶೇಂಗಾ 25 ಗ್ರಾಂ, ಬಾದಾಮಿ 15 ಗ್ರಾಂ ಅಂದರೆ ಎಣಿಸಿ ಹನ್ನೆರಡು. ಖರ್ಜೂರ ಎರಡು. ನಿಂಬೆರಸ ಒಂದು ಟೀ ಚಮಚ, ಎರಡು ಏಲಕ್ಕಿಯ ಪುಡಿ, ಎರಡು ಚಿಟಿಕೆ ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಸೈಂಧವ ಲವಣ. ಪುದೀನ ಎಲೆ ಇದ್ದರೆ ಆರೇಳು. ಒಬ್ಬರಿಗೆ 220 ಕ್ಯಾಲೊರಿ ಸುಮಾರು, ಅದರಲ್ಲಿ ಮೇಲಿಂದ ಹಾಕಿದ ಸಕ್ಕರೆ ಒಂದು ಹರಳೂ ಇಲ್ಲ.

ಇದರಲ್ಲಿ ಮೊಸರಿನದೇ ಅರ್ಧ ಕೆಲಸ. ಮಾಮೂಲಿ ಮೊಸರು ಹಾಕಿದರೆ ಹಣ್ಣಿನ ನೀರಿನ ಜೊತೆ ಸೇರಿ ಹತ್ತು ನಿಮಿಷದಲ್ಲಿ ತಳದಲ್ಲಿ ಮಜ್ಜಿಗೆ ನಿಲ್ಲುತ್ತದೆ. ಅದಕ್ಕೇ ಬಸಿಯುವುದು. ಟೋನ್ಡ್ ಹಾಲು, ಅಂದರೆ ಶೇ 3ರಷ್ಟು ಕೊಬ್ಬಿನದು, ಸಾಕು. ಬಸಿದ ಮೇಲೆ ಅದೇ ಕೆನೆಯಂತೆ ಗಟ್ಟಿಯಾಗುತ್ತದೆ. ಶೇ 6ರ ಹಾಲಿನಲ್ಲಿ ಮಾಡಿದ್ದು ಇನ್ನೂ ನುಣುಪು, ಆದರೆ ಆಗ ‘ಹಗುರ’ ಎಂಬ ಮಾತು ಬಿಡಬೇಕು. ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ) ಹಾಲು ಒಕ್ಕೂಟದ ನಂದಿನಿ ಮೊಸರಿನ 500 ಗ್ರಾಂ ಪ್ಯಾಕೆಟ್ ತಂದರೂ ನಡೆಯುತ್ತದೆ. ತೆಳು ಮಲ್ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಜರಡಿಯ ಮೇಲೆ ಹಾಸಿ, ಕೆಳಗೆ ಬೋಗುಣಿ ಇಟ್ಟು, ಅರ್ಧ ಕಿಲೊ ಮೊಸರು ಸುರಿದು ಗಂಟು ಕಟ್ಟಿ, ಮೇಲೊಂದು ತಟ್ಟೆ ಇಟ್ಟು ಫ್ರಿಜ್ಜಿನೊಳಗೆ ಮೂರರಿಂದ ನಾಲ್ಕು ತಾಸು ಬಿಡಿ. 200ರಿಂದ 250 ಗ್ರಾಂ ಗಟ್ಟಿ ಮೊಸರು ಸಿಗುತ್ತದೆ.

ನಮ್ಮ ಕಡೆ ಎಡವುವುದು ಇಲ್ಲೇ. ಹಳೆಯ ರೂಢಿಯಂತೆ ಗಂಟನ್ನು ಅಡುಗೆಮನೆಯ ಮೊಳೆಗೆ ತೂಗುಹಾಕುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಹೊರಗಿನ ಶಾಖವೇ 40 ಡಿಗ್ರಿ ದಾಟಿರುತ್ತದೆ. ಹಾಲು ಹೆಪ್ಪಾಗಲು ಬೇಕಾಗುವ ಶಾಖ ಅದೇ. ಬಟ್ಟೆಯಲ್ಲಿ ತೂಗುತ್ತಿರುವ ಮೊಸರು ಬಸಿಯುತ್ತಲೇ ಹುಳಿಯಾಗುತ್ತ ಹೋಗುತ್ತದೆ. ನಾಲ್ಕು ತಾಸಿನ ನಂತರ ಬಾಯಿಗಿಟ್ಟರೆ ಹಲ್ಲು ಚುಳ್ ಎನ್ನುತ್ತದೆ. ಆ ಹುಳಿ ಮುಚ್ಚಲು ನಾಲ್ಕು ಚಮಚ ಸಕ್ಕರೆ ಸುರಿಯುವುದು, ಅಲ್ಲಿಗೆ ಹಗುರ ಎಂಬುದು ಮುಗಿಯಿತು. ಹೆಪ್ಪು ಹಾಕುವಾಗಲೂ ಬೇಸಿಗೆಯಲ್ಲಿ ಅರ್ಧ ಲೀಟರ್ ಉಗುರುಬೆಚ್ಚಗಿನ ಹಾಲಿಗೆ ಅರ್ಧ ಟೀ ಚಮಚ ಹೆಪ್ಪು ಸಾಕು. ಹಾಲು ಗಟ್ಟಿಯಾಗುತ್ತಲೇ, ಸಾಮಾನ್ಯವಾಗಿ ನಾಲ್ಕು ತಾಸಿನೊಳಗೆ, ಫ್ರಿಜ್ಜಿಗೆ ಸೇರಿಸಬೇಕು. ರಾತ್ರಿಯಿಡೀ ಹೊರಗೆ ಬಿಟ್ಟ ಮೊಸರು ಸಾರಿಗೆ ಆದೀತು, ಸಲಾಡಿಗೆ ಆಗದು. ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿದರೆ ಚಪಾತಿ ಮೆತ್ತಗಾಗುತ್ತದೆ.

ಗಟ್ಟಿ ಮೊಸರನ್ನು ಚಮಚದಿಂದ ಒಂದು ನಿಮಿಷ ತಿರುವಿ ನುಣ್ಣಗೆ ಮಾಡಿಕೊಳ್ಳಿ. ಮಿಕ್ಸಿಗೆ ಹಾಕಿದರೆ ಗಟ್ಟಿತನ ಒಡೆದು ಮತ್ತೆ ನೀರಾಗುತ್ತದೆ. ಸಿಹಿಗೆ ಎರಡು ದಾರಿ ಇವೆ. ಖರ್ಜೂರದ ಬೀಜ ತೆಗೆದು ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಅದೇ ನೀರಿನ ಸಮೇತ ಕಿವುಚಿ ಮೊಸರಿಗೆ ಕಲಸುವುದು ಒಂದು. ಇನ್ನೊಂದು ಪೇರಲದ ತಿರುಳು. ಹಣ್ಣನ್ನು ನಾಲ್ಕು ಭಾಗ ಮಾಡಿ ನಡುವಿನ ಬೀಜದ ಮೆತ್ತನೆ ಭಾಗವನ್ನು ಚಮಚದಿಂದ ಕೆರೆದು ತೆಗೆಯುತ್ತೇವಲ್ಲ, ಅದನ್ನು ಬಿಸಾಡದೆ ಚಹಾ ಸೋಸುವ ಜರಡಿಗೆ ಹಾಕಿ ಚಮಚದ ಬೆನ್ನಿಂದ ಒತ್ತಿ. ಬೀಜ ಮೇಲೆ ಉಳಿದು ದಪ್ಪನೆಯ, ಘಮಘಮ ತಿರುಳು ಕೆಳಗೆ ಇಳಿಯುತ್ತದೆ. ಎರಡು ಪೇರಲದಿಂದ ಎರಡು ಮೂರು ಚಮಚ ಸಿಗುತ್ತದೆ. ಅದು ಮೊಸರಿಗೆ ಸಿಹಿಯನ್ನೂ ಕೊಡುತ್ತದೆ, ಗಟ್ಟಿತನವನ್ನೂ ಕೊಡುತ್ತದೆ. ವಯಸ್ಸಾದವರಿಗೆ ಹಲ್ಲಿಗೆ ಸಿಕ್ಕುವ ಬೀಜದ ಕಿರಿಕಿರಿಯೂ ತಪ್ಪುತ್ತದೆ. ಬೂದುಗುಂಬಳದಷ್ಟು ಸಪ್ಪೆಯಾದ ಆ್ಯಪಲ್‌ಗಿಂತ ನಮ್ಮ ಪೇರಲ ಇಲ್ಲಿ ಸಾವಿರ ಪಾಲು ವಾಸಿ. ಸಿ ಜೀವಸತ್ವದಲ್ಲಂತೂ ಕಿತ್ತಳೆಯೂ ಅದರ ಹತ್ತಿರ ಬರುವುದಿಲ್ಲ.

ಹಾಲಿಗೆ ಹುಳಿಹಣ್ಣು ಹಾಕಿದರೆ ಒಡೆಯುತ್ತದೆ ಎಂಬ ಭಯ ಮೊಸರಿನಲ್ಲಿ ಇಲ್ಲ, ಅದು ಆಗಲೇ ಹೆಪ್ಪಾಗಿರುವ ವಸ್ತು. ಆದರೆ ಮೊಸರಿಗೂ ಆಗದ ಹಣ್ಣುಗಳಿವೆ. ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ, ಹಾಲಿನ ಪ್ರೋಟೀನನ್ನು ಅದು ತುಂಡರಿಸುತ್ತದೆ. ಹಸಿ ಅನಾನಸ್ ಬೆರೆಸಿದ ಮೊಸರು ಅರ್ಧ ತಾಸಿನಲ್ಲಿ ಕಹಿಗೆ ತಿರುಗುವುದು ಅದಕ್ಕೇ, ಮೊಸರು ಹಳಸಿದ್ದರಿಂದ ಅಲ್ಲ. ಅನಾನಸ್ ಹಾಕಲೇಬೇಕೆಂದಿದ್ದರೆ ಹೋಳುಗಳನ್ನು ಬಾಣಲೆಯಲ್ಲಿ ನೀರು ಹಾಕದೆ ಮೂರು ನಾಲ್ಕು ನಿಮಿಷ ಪೂರ್ತಿ ಬಿಸಿಯಾಗುವಂತೆ ಬಾಡಿಸಿ, ಆರಿಸಿ ಹಾಕಿ. ಶಾಖಕ್ಕೆ ಕಿಣ್ವ ಸತ್ತುಹೋಗುತ್ತದೆ. ಪಪ್ಪಾಯಿಯಲ್ಲೂ ಪಪೇನ್ ಎಂಬ ಇಂಥದೇ ಕಿಣ್ವ ಉಂಟು, ಅದು ಹೆಚ್ಚಾಗಿ ಕಾಯಿಯ ಹಾಲಿನಲ್ಲಿ. ಪೂರ್ತಿ ಹಳದಿಗೆ ತಿರುಗಿ, ಒತ್ತಿದರೆ ಸ್ವಲ್ಪ ಬಗ್ಗುವ ಹಣ್ಣಿನಲ್ಲಿ ತೊಂದರೆ ಕಡಿಮೆ. ತೊಟ್ಟಿನ ಬಳಿ ಹಸಿರು ಉಳಿದಿರುವ, ಕೊಯ್ದಾಗ ಹಾಲು ಜಿನುಗುವ ಹಣ್ಣನ್ನು ಮೊಸರಿನ ಹತ್ತಿರ ತರಬೇಡಿ. ತಾಜಾ ಅಂಜೂರದ ತೊಟ್ಟಿನ ಹಾಲೂ ಅದೇ ಜಾತಿ. ತೊಟ್ಟನ್ನು ಅರ್ಧ ಇಂಚು ಕತ್ತರಿಸಿ ತೆಗೆದು, ಹಾಲು ಒರೆಸಿ, ನಾಲ್ಕು ಸೀಳು ಮಾಡಿ ಬಡಿಸುವಾಗ ಮೇಲಿಡಿ, ಕಲಸಬೇಡಿ.

ಕಲ್ಲಂಗಡಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರು. ಮೊಸರಿನ ಸಲಾಡಿಗೆ ಅದು ಬೇಡವೇ ಬೇಡ. ಅದನ್ನು ಬೇರೆ ತಟ್ಟೆಯಲ್ಲಿ ಮೆಣಸಿನ ಪುಡಿ, ನಿಂಬೆ ಹಿಂಡಿ ತಿನ್ನುವುದೇ ಚೆಂದ. ಕರಬೂಜ ಆಗಬಹುದು, ಆದರೆ ಹೆಚ್ಚಿದ ಹೋಳುಗಳನ್ನು ಜರಡಿಯಲ್ಲಿ ಹತ್ತು ನಿಮಿಷ ಸೋರಲು ಬಿಡಿ. ಈ ಎರಡನ್ನೂ ಕೊಯ್ಯುವ ಮೊದಲು ಸಿಪ್ಪೆಯನ್ನು ಉಜ್ಜಿ ತೊಳೆಯಬೇಕು. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ಬಿಟ್ಟರೆ ಹೊಲದ ಮಣ್ಣು, ಸಂತೆಯ ನೆಲದ ಕೊಳೆ ಚಾಕುವಿನ ಜೊತೆ ನೇರವಾಗಿ ತಿರುಳಿಗೆ ಇಳಿಯುತ್ತದೆ.

ದ್ರಾಕ್ಷಿ, ಪೇರಲ, ಆ್ಯಪಲ್‌ನಂಥ ಸಿಪ್ಪೆ ಸಮೇತ ತಿನ್ನುವ ಹಣ್ಣುಗಳನ್ನು ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಹಾಕಿ 12ರಿಂದ 15 ನಿಮಿಷ ನೆನೆಸಿ, ಆಮೇಲೆ ಕುಡಿಯುವ ನೀರಿನಲ್ಲಿ ಎರಡು ಸಲ ತೊಳೆಯಿರಿ. ಮೇಲ್ಮೈ ಮೇಲಿನ ಔಷಧಿಯ ಅಂಶ ಬಹುಪಾಲು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ತೊಳೆದ ಹಣ್ಣನ್ನು ಬಟ್ಟೆಯಿಂದ ಒರೆಸಿಯೇ ಹೆಚ್ಚಬೇಕು. ಈ ಒಂದು ನಿಮಿಷದ ಕೆಲಸ ತಪ್ಪಿಸಿದ ಕಾರಣಕ್ಕೆ ನೀರಾದ ಸಲಾಡ್‌ಗಳಿಗೆ ಲೆಕ್ಕವಿಲ್ಲ.

ಹೆಚ್ಚಲು ಈಳಿಗೆ ಬೇಡ. ಕಬ್ಬಿಣದ ಅಲಗು ಪೇರಲ, ಬಾಳೆಯ ಒಗರಿನ ಅಂಶಕ್ಕೆ ತಾಗಿದರೆ ಕೊಯ್ದ ಜಾಗದಲ್ಲಿ ನೀಲಿಗಪ್ಪು ಗೆರೆ ಮೂಡುತ್ತದೆ. ಸ್ಟೀಲ್ ಚಾಕು ಬಳಸಿ. ಹೆಚ್ಚುವ ಮಣೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹೆಚ್ಚಿದ್ದಾದರೆ ಎಷ್ಟು ತೊಳೆದರೂ ವಾಸನೆ ಪಪ್ಪಾಯಿಗೆ ಹತ್ತುತ್ತದೆ, ಹಣ್ಣಿಗೆಂದೇ ಒಂದು ಮಣೆ ಇರಲಿ. ಹೋಳು ಒಂದೂವರೆ ಸೆಂಟಿಮೀಟರ್, ಹೆಚ್ಚೆಂದರೆ ಎರಡು. ನಾಜೂಕಾಗಿ ಕಾಣಲಿ ಎಂದು ಸಣ್ಣಗೆ ಕೊಚ್ಚಿದಷ್ಟೂ ಕೊಯ್ದ ಮೈ ಹೆಚ್ಚಾಗಿ ರಸ ಸೋರುತ್ತದೆ. ಬಾಳೆ, ಆ್ಯಪಲ್ ಗಾಳಿಗೆ ಕಂದಾಗುವುದು ಹಣ್ಣಿನದೇ ಕಿಣ್ವದಿಂದ. ನಿಂಬೆರಸದ ಹುಳಿ ಅದನ್ನು ತಡೆಯುತ್ತದೆ. ಆ ಒಂದು ಟೀ ಚಮಚ ನಿಂಬೆರಸವನ್ನು ಬಟ್ಟಲಿನ ತಳಕ್ಕೆ ಮೊದಲು ಹಾಕಿ, ಬಾಳೆ ಹೆಚ್ಚಿದಂತೆಲ್ಲ ಅದರಲ್ಲಿ ಹೊರಳಿಸಿ. ಎಲ್ಲ ಹೆಚ್ಚಿ ಮುಗಿದ ಮೇಲೆ ಮೇಲಿಂದ ಹಿಂಡಿದರೆ ಅಷ್ಟರಲ್ಲಿ ಬಣ್ಣ ಹೋಗಿಯೇ ಇರುತ್ತದೆ. ಬಟ್ಟಲು ಸ್ಟೀಲ್ ಅಥವಾ ಗಾಜಿನದು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗೆ ಮೊಸರು, ನಿಂಬೆ ಸೇರದು.

ದಾಳಿಂಬೆ ಬಿಡಿಸುವುದು ಬೇಸರದ ಕೆಲಸ ಎಂದು ಬಹಳ ಮಂದಿ ಕೈಬಿಡುತ್ತಾರೆ. ಕಿರೀಟದ ಭಾಗವನ್ನು ಚಾಕುವಿನಿಂದ ಸುತ್ತಲೂ ಗೀರಿ ಮುಚ್ಚಳದಂತೆ ತೆಗೆಯಿರಿ. ಒಳಗೆ ಬಿಳಿ ಪೊರೆಯ ಗೋಡೆಗಳು ಕಾಣುತ್ತವೆ. ಅವುಗಳ ನೇರಕ್ಕೆ ಹೊರಗಿನ ಸಿಪ್ಪೆಯ ಮೇಲೆ ಮೇಲಿಂದ ಕೆಳಕ್ಕೆ ಗೀರಿ, ಬೋಗುಣಿ ನೀರಿನೊಳಗೆ ಹಿಡಿದು ಬಿಡಿಸಿದರೆ ಹಣ್ಣು ತಾನೇ ಎಸಳಾಗಿ ತೆರೆದುಕೊಳ್ಳುತ್ತದೆ. ಕಾಳು ಮುಳುಗುತ್ತದೆ, ಕಹಿ ಪೊರೆ ತೇಲುತ್ತದೆ. ಅಂಗಿಗೆ ಕಲೆಯೂ ಇಲ್ಲ. ಕಾಳನ್ನು ಬಸಿದು ಬಟ್ಟೆಯ ಮೇಲೆ ಹರವಿ ಒಣಗಿಸಿ ಇಡಿ. ಸಲಾಡಿಗೆ ಕೊನೆಗೆ ಹಾಕಬೇಕಾದ ಹಣ್ಣು ಇದು. ಮೊದಲೇ ಹಾಕಿ ಚಮಚ ಆಡಿಸಿದರೆ ಕಾಳು ಒಡೆದು ಮೊಸರೆಲ್ಲ ಮಾಸಲು ಗುಲಾಬಿಯಾಗುತ್ತದೆ.

ಮೋಸಂಬಿಯ ತೊಳೆಯ ಮೇಲಿನ ಪೊರೆ, ಬೀಜ ತೆಗೆಯದಿದ್ದರೆ ಕಹಿ. ಅದರ ರಸವನ್ನು ಹಿಂಡಿ ಇಟ್ಟರೂ ಹೊತ್ತು ಕಳೆದಂತೆ ಕಹಿಯೇರುತ್ತದೆ, ಬೇಕಾದಾಗಲೇ ಹಿಂಡಬೇಕು. ಮಾವಿನ ಕಾಲದಲ್ಲಿ ಪಪ್ಪಾಯಿಯ ಬದಲು 200 ಗ್ರಾಂ ಕೇಸರ್ ಹೋಳು ಹಾಕಿ ಖರ್ಜೂರ ಬಿಟ್ಟುಬಿಡಿ. ಮಾವಿಗೆ ಹಾಲು ಬೆರೆಸಿ ಶೀಕರಣಿ ಉಣ್ಣುವ ನಾಡಿನವರಿಗೆ ಮಾವು ಮೊಸರಿನ ಜೋಡಿಯೂ ಹೊಸದೆನಿಸದು. ಹಣ್ಣು ಗಟ್ಟಿಯಾಗಿದ್ದು ಸಿಪ್ಪೆ ಮಾತ್ರ ಏಕರೂಪ ಹಳದಿ, ತೊಟ್ಟಿನ ಬಳಿ ಮೂಸಿದರೆ ಘಮವೇ ಇಲ್ಲ ಎಂದರೆ ಅಂಥ ಮಾವು ತರಬೇಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಿಷೇಧವಾಗಿದೆ, ಆದರೂ ಹಣ್ಣು ಕೊಳ್ಳುವಾಗ ಮೂಗನ್ನೇ ನಂಬುವುದು ಲೇಸು. ದೀಪಾವಳಿ ಆಸುಪಾಸಿನಲ್ಲಿ ಸೀತಾಫಲ ಬಂದಾಗ ಎರಡು ಹಣ್ಣಿನ ತಿರುಳನ್ನು ಬೀಜ ಬಿಡಿಸಿ ಮೊಸರಿಗೆ ಕಲಸಿದರೆ ಬೇರೆ ಸಿಹಿ ಬೇಡ. ಅದರ ಬೀಜ ವಿಷಕಾರಿ, ಯಾವ ಕಾರಣಕ್ಕೂ ಮಿಕ್ಸಿಗೆ ಸೇರಬಾರದು.

ಇನ್ನು ಕಾಳಿನ, ಅಂದರೆ ಶೇಂಗಾ, ಬಾದಾಮಿಯಂಥವುಗಳ ವಿಚಾರ. ‘ಡ್ರೈಫ್ರೂಟ್ಸ್ ಆರೋಗ್ಯಕ್ಕೆ ಒಳ್ಳೆಯದು’ ಎಂಬ ಒಂದು ಮಾತು ಹಿಡಿದುಕೊಂಡು ಹಿಡಿಗಟ್ಟಲೆ ಸುರಿಯುವುದೇ ಸಲಾಡ್ ಭಾರವಾಗಲು ಎರಡನೇ ಕಾರಣ. ಶೇಂಗಾ, ಬಾದಾಮಿ, ಗೋಡಂಬಿ ಮೂರೂ ನೂರು ಗ್ರಾಂಗೆ 550ರಿಂದ 580 ಕ್ಯಾಲೊರಿ, ಅಕ್ರೋಟ್ 650, ಒಣ ಕೊಬ್ಬರಿ ಅದಕ್ಕೂ ಮೇಲೆ. ಅಗ್ಗದ್ದು, ತುಟ್ಟಿಯದು ಎಂಬ ಭೇದ ಇಲ್ಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ 2000 ಕ್ಯಾಲೊರಿಯ ಊಟದಲ್ಲಿ ದಿನಕ್ಕೆ 35 ಗ್ರಾಂ ಕಾಳು, ಎಣ್ಣೆಬೀಜ ಇರಲಿ ಎನ್ನುತ್ತದೆ. ನಮ್ಮ ಊಟದಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಪುಡಿಯಿಂದಲೇ ಅದರ ದೊಡ್ಡ ಪಾಲು ಹೊಟ್ಟೆ ಸೇರಿರುತ್ತದೆ. ಹಾಗಾಗಿ ಸಲಾಡಿಗೆ ತಲೆಗೆ 10 ಗ್ರಾಂ ಎಂದು ಇಟ್ಟದ್ದು. ಒಣದ್ರಾಕ್ಷಿಯ ಲೆಕ್ಕ ಇನ್ನೂ ಸರಳ. ನೂರು ಗ್ರಾಂ ಹಸಿ ದ್ರಾಕ್ಷಿಗೆ 70 ಕ್ಯಾಲೊರಿ, ಒಣದ್ರಾಕ್ಷಿಗೆ 300. ನೀರು ಹೋಗಿ ಸಕ್ಕರೆ ಉಳಿದಿದೆ, ಅಷ್ಟೇ. ಹಸಿ ಅಂಜೂರ, ಒಣ ಅಂಜೂರಕ್ಕೂ ಇದೇ ಮಾತು.

ಹತ್ತು ಗ್ರಾಂ ಬಾಯಿಗೆ ಗೊತ್ತಾಗಬೇಕಾದರೆ ಹುರಿಯುವುದು ಸರಿ ಇರಬೇಕು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ತುಪ್ಪ ಬೇಡ. ನೂರು ಗ್ರಾಂ ಶೇಂಗಾಕ್ಕೆ ಎಂಟರಿಂದ ಹತ್ತು ನಿಮಿಷ ಬಿಡದೆ ಕೈಯಾಡಿಸಬೇಕು. ಚಟಪಟ ಸದ್ದು ಎದ್ದು, ಸಿಪ್ಪೆ ಅಲ್ಲಲ್ಲಿ ಬಿರಿಯುತ್ತದೆ. ಒಂದು ಕಾಳು ತೆಗೆದು ಎರಡು ಬೇಳೆ ಮಾಡಿ ನೋಡಿ. ಒಳಗೆ ತಿಳಿ ಹೊಂಬಣ್ಣ ಬಂದಿದ್ದರೆ ಇಳಿಸುವ ಹೊತ್ತು. ಆಗ ಕಚ್ಚಿದರೆ ಕಾಳು ಮೆತ್ತಗೇ ಇರುತ್ತದೆ, ಗರಿಗರಿ ಬರುವುದು ಆರಿದ ಮೇಲೆ. ಇದು ತಿಳಿಯದೆ ಇನ್ನೆರಡು ನಿಮಿಷ ಹುರಿದವರ ಶೇಂಗಾ ಆರುವಷ್ಟರಲ್ಲಿ ಕಂದಾಗಿ ಕಮಟು ಹಿಡಿಯುತ್ತದೆ. ಬಾಣಲೆಯಲ್ಲೇ ಬಿಟ್ಟರೂ ಅದರ ಕಾವಿಗೆ ಹುರಿತ ಮುಂದುವರಿಯುತ್ತದೆ, ತಕ್ಷಣ ಅಗಲ ತಟ್ಟೆಗೆ ಹರವಿ. ಆರಿದ ಮೇಲೆ ಬಟ್ಟೆಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ತೂರಿಬಿಡಿ. ಪ್ರತಿ ಕಾಳೂ ಎರಡು ಬೇಳೆಯಾಗಿರಲಿ, ಆಗ 25 ಗ್ರಾಂ ನಾಲ್ಕು ಬಟ್ಟಲಿಗೆ ಸಮನಾಗಿ ಹರಡುತ್ತದೆ. ಬಾದಾಮಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಉದ್ದಕ್ಕೆ ಸೀಳಿ, ಮೂರು ನಾಲ್ಕು ನಿಮಿಷ ಹುರಿದು ಒಣಗಿಸಿ. ಭಟ್ಟಿಯಲ್ಲಿ ಉಪ್ಪು ಹಾಕಿ ಹುರಿದ ಶೇಂಗಾ ತಿನ್ನಲು ರುಚಿ, ಸಲಾಡಿಗೆ ಬೇಡ. ಅದರ ಉಪ್ಪು ಹಣ್ಣಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ.

ಹುರಿಯುವ ಮುನ್ನ ಕಾಳು ಆರಿಸುವುದನ್ನು ಮರೆಯಬಾರದು. ಮುರುಟಿದ, ಕಪ್ಪಾದ, ಹಸಿರು ಬೂಷ್ಟಿನ ಛಾಯೆ ಇರುವ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೇಡು. ಹುರಿದರೆ ಪೂರ್ತಿ ಹೋಗುವುದಿಲ್ಲ. ಒಂದು ಕಾಳು ಕಹಿ ಬಂದರೆ ಉಗುಳಿ, ಉಳಿದದ್ದನ್ನು ಮತ್ತೆ ಆರಿಸಿ. ಅಕ್ರೋಟ್, ಬಾದಾಮಿಯನ್ನು ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಡಿ. ನಮ್ಮ ಸೆಕೆಗೆ ಕಪಾಟಿನ ಡಬ್ಬಿಯಲ್ಲಿ ಕೆಲವೇ ವಾರದಲ್ಲಿ ಹಳೆಯ ಎಣ್ಣೆಯ ಕಮಟು ಬರುತ್ತದೆ.

ಬೆರೆಸುವ ಹೊತ್ತು ಬಹಳ ಮುಖ್ಯ. ಹಣ್ಣು ಒಂದು ಡಬ್ಬಿ, ಮೊಸರು ಒಂದು ಡಬ್ಬಿ, ಕಾಳು ಒಂದು ಡಬ್ಬಿ. ಮೊದಲ ಎರಡು ಫ್ರಿಜ್ಜಿನಲ್ಲಿ, ಕಾಳು ಹೊರಗೆ. ಬಡಿಸುವ ಹತ್ತು ನಿಮಿಷ ಮೊದಲು ಪೇರಲ, ಮೋಸಂಬಿ, ಬಾಳೆಯನ್ನು ಮೊಸರಿಗೆ ಹಾಕಿ ಏಲಕ್ಕಿ, ಮೆಣಸು ಸೇರಿಸಿ ಅಗಲ ಚಮಚದಿಂದ ತಳದಿಂದ ಮೇಲಕ್ಕೆ ಮಗುಚಿ. ಆಮೇಲೆ ಪಪ್ಪಾಯಿ, ಎರಡೇ ಸಲ ಮಗುಚಿದರೆ ಸಾಕು, ಇಲ್ಲವಾದರೆ ಮುದ್ದೆಯಾಗುತ್ತದೆ. ಬಟ್ಟಲಿಗೆ ಹಾಕಿದ ಮೇಲೆ ದಾಳಿಂಬೆ, ಕಾಳು, ಪುದೀನ, ಎಲ್ಲಕ್ಕೂ ಕೊನೆಗೆ ಆ ಒಂದು ಚಿಟಿಕೆ ಸೈಂಧವ. ತೀರ ತಣ್ಣಗಿದ್ದರೆ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಕೂಡಲೇ ರುಚಿ ನೋಡಿ ‘ಸಪ್ಪೆ’ ಎಂದು ಸಕ್ಕರೆಗೆ ಕೈ ಹಾಕುವವರು ಐದು ನಿಮಿಷ ತಡೆದು ಮತ್ತೊಮ್ಮೆ ನೋಡಲಿ.

ಮೊಸರು ಒಲ್ಲದವರಿಗೆ ಶೇಂಗಾದ್ದೇ ಒಂದು ಗೊಜ್ಜು ಮಾಡಬಹುದು. ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ದೊಡ್ಡ ಚಮಚ, ಮೋಸಂಬಿ ರಸ ನಾಲ್ಕು ದೊಡ್ಡ ಚಮಚ, ನಿಂಬೆರಸ ಒಂದು ಟೀ ಚಮಚ, ಹಸಿಶುಂಠಿ ರಸ ಅರ್ಧ ಟೀ ಚಮಚ, ಹುರಿದ ಜೀರಿಗೆ ಪುಡಿ ಒಂದು ಚಿಟಿಕೆ. ಮೊದಲು ಶೇಂಗಾವನ್ನು ಒಣಗಿದ್ದಂತೆಯೇ ಎಣ್ಣೆ ಬಿಡುವವರೆಗೆ ರುಬ್ಬಿ, ಬಳಿಕ ರಸವನ್ನು ಚಮಚ ಚಮಚವಾಗಿ ಹಾಕುತ್ತ ತಿರುವಿ. ರಸವನ್ನೆಲ್ಲ ಒಮ್ಮೆಲೇ ಸುರಿದರೆ ನುಚ್ಚು ನುಚ್ಚಾಗಿ ಒಡೆದು ನಿಲ್ಲುತ್ತದೆ. ಸರಿಯಾಗಿ ಬಂದರೆ ಬೆಳ್ಳಗೆ, ಕೆನೆಯಾಗಿ ಹೋಳಿಗೆಲ್ಲ ಹತ್ತಿಕೊಳ್ಳುತ್ತದೆ. ಇಡೀ ಗೊಜ್ಜಿಗೆ 130 ಕ್ಯಾಲೊರಿ ಸುಮಾರು. ಅದೇ ನಾಲ್ಕು ಚಮಚ ಮೇಯನೇಸ್ 400. ಇದನ್ನು ಮಾಡಿದ ದಿನ ಮೇಲೆ ಉದುರಿಸುವ ಶೇಂಗಾ ಬಿಟ್ಟುಬಿಡಿ.

ಐವತ್ತು ಜನರ ಸೀಮಂತ, ತೊಟ್ಟಿಲು ಕಾರ್ಯಕ್ಕೆ ಮಾಡುವವರಿಗೂ ಒಂದು ಮಾತು: ಹೆಚ್ಚಿದ ಹಣ್ಣು ಏಳೂವರೆ ಕಿಲೊ, ಅದಕ್ಕೆ ತರುವ ಹಣ್ಣು ಹನ್ನೆರಡು ಹದಿಮೂರು ಕಿಲೊ, ಮೊಸರು ಆರು ಕಿಲೊ ಬಸಿದರೆ ಎರಡೂವರೆ ಕಿಲೊ, ಕಾಳು ಅರ್ಧ ಕಿಲೊ. ಎಲ್ಲವನ್ನೂ ಒಮ್ಮೆಲೇ ದೊಡ್ಡ ಪಾತ್ರೆಯಲ್ಲಿ ಕಲಸಬೇಡಿ. ಹತ್ತು ಹನ್ನೆರಡು ಜನರಿಗಾಗುವಷ್ಟು ಕಲಸಿ, ಪಾತ್ರೆಯನ್ನು ಐಸ್ ತುಂಬಿದ ಪರಾತದಲ್ಲಿ ಕೂರಿಸಿ. ಐಸ್ ಕೆಳಗಿರಲಿ, ಸಲಾಡಿನೊಳಗೆ ಬೇಡ. ಅದು ಯಾವ ನೀರಿನದೋ ಯಾರಿಗೆ ಗೊತ್ತು. ನಮ್ಮ ಬೇಸಿಗೆಯಲ್ಲಿ ಹೆಚ್ಚಿದ ಹಣ್ಣು ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಕರೆಂಟ್ ಹೋಗಿ ಫ್ರಿಜ್ಜಿನ ತಣುವು ಆರಿದ್ದರೆ ಆ ಹಣ್ಣಿಗೂ ಇದೇ ನಿಯಮ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು, ಬೇಳೆ ಯಾವುದೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಹಾಕಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಶೇಂಗಾ ಅಲರ್ಜಿ ಇರುವವರು ಮನೆಗೆ ಬರುವ ದಿನ ಕಾಳನ್ನು ಬೇರೆ ಬಟ್ಟಲಿನಲ್ಲೇ ಇಡಿ. ಸಕ್ಕರೆ ಕಾಯಿಲೆಯವರು ಖರ್ಜೂರ, ಸೀತಾಫಲ, ಮಾವು ಬಿಟ್ಟು ಪೇರಲ, ಪಪ್ಪಾಯಿ ಹೆಚ್ಚಿಸಿಕೊಂಡು 100 ಗ್ರಾಂ ಹಣ್ಣಿಗೆ ನಿಲ್ಲಿಸುವುದು ಒಳ್ಳೆಯದು, ಅದೂ ಊಟದ ಮೇಲೆ ಊಟವಾಗಿ ಅಲ್ಲ, ಸಂಜೆಯ ತಿಂಡಿಯ ಜಾಗದಲ್ಲಿ. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಬಾಳೆ, ಖರ್ಜೂರ, ಕಾಳನ್ನು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಮೊಸರು ಬೆರೆತು ಉಳಿದದ್ದನ್ನು ಮರುದಿನಕ್ಕೆ ಎತ್ತಿಡುವ ಹಾಗಿಲ್ಲ, ನೀರು ಬಿಟ್ಟು ಕಾಳು ಮೆತ್ತಗಾಗಿರುತ್ತದೆ. ಕೂಡಲೇ ಫ್ರಿಜ್ಜಿಗಿಟ್ಟಿದ್ದರೆ ಅದೇ ಸಂಜೆ ಅರ್ಧ ಲೋಟ ತಣ್ಣೀರು ಸೇರಿಸಿ ಮಿಕ್ಸಿಗೆ ಹಾಕಿ, ದಾಳಿಂಬೆ ಬೀಜದ ಚೂರು ಹೋಗುವಂತೆ ಸೋಸಿ ಕುಡಿಯಿರಿ. ಬರೀ ಹಣ್ಣು ಉಳಿದಿದ್ದರೆ, ಬಾಳೆ ಬಿಟ್ಟು ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ ಮರುದಿನ ಬೆಳಿಗ್ಗೆಯವರೆಗೆ ತಡೆಯುತ್ತದೆ.

ಇಂತಿ,
ನಿಮ್ಮ ಓದುಗರು
ಕೊಪ್ಪಳ